ಆಪ್ತಸಮಾಲೋಚನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಗಳು

‘ಸಮಗ್ರ ಆಪ್ತಸಮಾಲೋಚನೆ’ ಎಂಬ ಫಲಕಗಳು ಈಚೆಗೆ ಸಣ್ಣ ಊರುಗಳಲ್ಲಿಯೂ ಕಾಣಿಸುತ್ತಿವೆ. ಕೆಲವೆಡೆ ಧ್ಯಾನ, ಹರಳು, ಸುಗಂಧತೈಲ, ವಾರಾಂತ್ಯದ ಶಿಬಿರ ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ ದೊರೆಯುತ್ತವೆ. ಇದೇ ವೃತ್ತಿಯಲ್ಲಿರುವ ನಾನಂತೂ ಒಂದು ಕೇಂದ್ರದ ಸಮಗ್ರತೆಯನ್ನು ಅಳೆಯುವುದು ಮೊದಲ ಭೇಟಿಯಲ್ಲಿ ಅಲ್ಲಿ ಏನೇನು ಕೇಳುತ್ತಾರೆ ಎಂಬುದರಿಂದ.

ನಮ್ಮಲ್ಲಿ ಬರುವವರಲ್ಲಿ ಹೆಚ್ಚಿನವರು ಮನಸ್ಸಿನ ಸುದ್ದಿಯನ್ನು ಮೊದಲಿಗೆ ಎತ್ತುವುದೇ ಇಲ್ಲ. ತಲೆ ಭಾರ, ಕೈಕಾಲು ಸೆಳೆತ, ಎದೆ ಡವಡವ, ನಿದ್ದೆಯಿಲ್ಲ ಎನ್ನುತ್ತಾರೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಗಳಿಂದಲೂ ಸುಸ್ತು ಮತ್ತು ಮಂಕುತನ ಬರಬಹುದಾದ್ದರಿಂದ, ರಕ್ತಪರೀಕ್ಷೆಯನ್ನೇ ಮಾಡಿಸದೆ ತಿಂಗಳುಗಟ್ಟಲೆ ಬಾಲ್ಯದ ನೆನಪುಗಳನ್ನು ಕೆದಕುವುದು ನನಗೆ ಸರಿಕಾಣುವುದಿಲ್ಲ.

ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕೆಂದು ವಾದಿಸಿದ್ದು 1977ರಲ್ಲಿ. ಅದಕ್ಕೂ ಮೊದಲೇ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಆರೈಕೆಯಲ್ಲಿ ಪಾಲುಗೊಳಿಸಿದ್ದರು. ಕುಟುಂಬವನ್ನೇ ಜೊತೆಗಿರಿಸಿಕೊಳ್ಳುವ ಆ ಕ್ರಮವನ್ನು ಬೆಂಗಳೂರಿನ ನಿಮ್ಹಾನ್ಸ್ ಕೂಡ ಬೆಳೆಸಿತು.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಸಂಗವನ್ನು ಹೇಳುತ್ತೇನೆ. ಎದೆ ಡವಗುಟ್ಟುತ್ತದೆ ಎಂದು ಬಂದ ಮಹಿಳೆಯೊಬ್ಬರ ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಸರಿಯಾಗಿದ್ದವು. ಯಾವ ದಿನ ಹೆಚ್ಚು ಎಂದು ಕೇಳಿದಾಗ, “ಸೋಮವಾರ ಮೇಡಂ, ಅವತ್ತು ಸಂಘದ ಕಂತು ಕಟ್ಟಬೇಕಲ್ಲ” ಎಂದರು. ಒಂದು ಸಂಘದ ಕಂತು ತುಂಬಲು ಇನ್ನೊಂದು ಸಂಘದಲ್ಲಿ ಎತ್ತಿದ ಸಾಲ ಯಜಮಾನರಿಗೆ ತಿಳಿದಿರಲಿಲ್ಲ. ಹಾಸಿಗೆ ಹಿಡಿದ ಅತ್ತೆಯ ಆರೈಕೆಯೂ ಇವರ ಮೇಲೆಯೇ ಇತ್ತು. ಪ್ರಾಣಾಯಾಮ ಕಲಿಸಿದೆವು, ಅದರಿಂದ ಉಸಿರು ಹಿಡಿತಕ್ಕೆ ಬಂದಿತು. ಆದರೆ ಸೋಮವಾರ ತಪ್ಪುವುದಿಲ್ಲವಲ್ಲ! ಅವರ ಒಪ್ಪಿಗೆ ಪಡೆದು ಯಜಮಾನರನ್ನೂ ಕರೆಸಿ, ಇಬ್ಬರ ಮುಂದೆ ಸಾಲದ ಪುಸ್ತಕಗಳನ್ನು ಬಿಡಿಸಿಟ್ಟ ಮೇಲೆಯೇ ನಿಜವಾದ ಮಾತು ಆರಂಭವಾಯಿತು.

ನಿಷ್ಕಪಟತೆ, ಷರತ್ತಿಲ್ಲದ ಸ್ವೀಕಾರ, ಸಹಾನುಭೂತಿ ದೊರೆತರೆ ವ್ಯಕ್ತಿ ತಾನಾಗಿ ಬೆಳೆಯುತ್ತಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ನಂಬಿಕೆಯನ್ನು ನಾನೂ ಒಪ್ಪುತ್ತೇನೆ. ಆದರೆ ಹತ್ತು ರೂಪಾಯಿಯ ನಿರ್ಧಾರವೂ ನಾಲ್ವರ ಒಪ್ಪಿಗೆಗೆ ಕಾಯುವ ಮನೆಯ ಹೆಣ್ಣುಮಗಳಿಗೆ ‘ನಿಮ್ಮ ಮನಸ್ಸು ಹೇಳಿದಂತೆ ನಡೆಯಿರಿ’ ಎಂದಷ್ಟೇ ಹೇಳಿ ಕಳುಹಿಸಿದರೆ ಅವರ ಹೊರೆ ಹೆಚ್ಚುತ್ತದೆ. ಎದೆ ಡವಗುಟ್ಟುತ್ತದೆ ಎಂದು ಬಂದಿದ್ದ ಆ ಮಹಿಳೆಯ ವ್ಯಕ್ತಿತ್ವ ವಿಕಾಸವೆಂದರೆ, ವಾರದಲ್ಲಿ ಎರಡು ರಾತ್ರಿ ಅತ್ತೆಯನ್ನು ನೋಡಿಕೊಳ್ಳುವಂತೆ ನಾದಿನಿಯನ್ನು ಅಂಜದೆ ಕೇಳಿದ್ದು.

ಯೋಗ, ಭಜನೆ, ದೇವಸ್ಥಾನ ಯಾವುದಕ್ಕೂ ನನ್ನ ತಕರಾರಿಲ್ಲ. ಅವುಗಳ ಹೆಸರಿನಲ್ಲಿ ಮನೋವೈದ್ಯರು ಬರೆದ ಮಾತ್ರೆಯನ್ನು ಬಿಡಿಸುವವರ ಬಗ್ಗೆ ಮಾತ್ರ ತಕರಾರಿದೆ. ಸಾಯುವ ಯೋಚನೆ ಬರುತ್ತಿದೆ ಎಂದವರನ್ನು ಮುಂದಿನ ಭೇಟಿಯವರೆಗೆ ಕಾಯಿಸದೆ ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.