ಬಾರ್ಬರಾ ಸ್ಟ್ರೋಝಿ ಹಾಡಿನ ಆ ಇಳಿಕೆ

ರಾತ್ರಿ ಪಾತ್ರೆ ತೊಳೆಯುತ್ತಾ ಸುಮ್ನೆ ಏನೋ ಹಾಕಿಕೊಂಡಿದ್ದೆ. ಒಬ್ಬ ಹೆಂಗಸಿನ ದನಿ ಮೇಲಿನ ಸ್ವರದಲ್ಲಿ ನಿಂತು, ಅಲ್ಲಿಂದ ತಡವರಿಸುತ್ತಾ, ಬಿಕ್ಕುತ್ತಾ ಮೆಲ್ಲಗೆ ಕೆಳಗಿಳಿಯಿತು. ಥೇಟ್ ನಮ್ಮ ಕೀರವಾಣಿ ರಾಗ! ನಲ್ಲಿ ನಿಲ್ಲಿಸಿ ಕೇಳಿದೆ. ಅದು 'ಲಾಗ್ರಿಮೆ ಮಿಯೆ', ಅಂದರೆ 'ನನ್ನ ಕಣ್ಣೀರೇ'. 1659ರಲ್ಲಿ ವೆನಿಸ್‌ನಲ್ಲಿ ಅಚ್ಚಾದದ್ದು. ಬರೆದವಳು ಬಾರ್ಬರಾ ಸ್ಟ್ರೋಝಿ.

ಹುಟ್ಟಿದ್ದು 1619ರಲ್ಲಿ, ವೆನಿಸ್‌ನಲ್ಲೇ. ತಾಯಿ, ಕವಿ ಜೂಲಿಯೋ ಸ್ಟ್ರೋಝಿಯ ಮನೆಯ ಕೆಲಸದಾಕೆ. ಅವನು ಇವಳನ್ನು ದತ್ತುಮಗಳು ಅಂತ ಹೇಳಿಕೊಂಡ, ಸ್ವಂತ ಮಗಳೇ ಇರಬೇಕು ಅನ್ನುವವರೇ ಜಾಸ್ತಿ. ಏನೇ ಇರಲಿ, ಫ್ರಾಂಚೆಸ್ಕೊ ಕವಾಲ್ಲಿಯಂಥ ದೊಡ್ಡ ಸಂಗೀತಗಾರನ ಹತ್ತಿರ ಪಾಠ ಹೇಳಿಸಿದ. 1637ರಲ್ಲಿ ಮಗಳು ಹಾಡಲಿ ಅಂತಲೇ 'ಉನಿಸೋನಿ' ಅನ್ನುವ ವಿದ್ವಾಂಸರ ಕೂಟ ಕಟ್ಟಿದ. ಗಂಡಸರ ನಡುವೆ ಕೂತು ಹಾಡುವವಳ ನಡತೆಯ ಬಗ್ಗೆ ಊರಲ್ಲಿ ಕೊಂಕು ಬರಹಗಳೂ ಹರಿದಾಡಿದವು. ಅದೇನು ಹೊಸದಲ್ಲ ಅಲ್ವಾ, ನಮ್ಮಲ್ಲೂ ಹಾಡುವ ಹೆಣ್ಣಿಗೆ ಇದೇ ಮಾತು ಕೇಳಬೇಕಿತ್ತು.

ಅವಳು ಮಾತ್ರ 1644ರಿಂದ 1664ರೊಳಗೆ ಎಂಟು ಪುಸ್ತಕ ಅಚ್ಚು ಹಾಕಿಸಿದಳು, ಅದೂ ನಾಲ್ಕು ಮಕ್ಕಳನ್ನು ಸಾಕುತ್ತಾ, ಮದುವೆಯಿಲ್ಲದೆ. ಚರ್ಚಿನ ಕೆಲಸ ಇಲ್ಲ, ಆಸ್ಥಾನದ ಸಂಬಳ ಇಲ್ಲ. ಹೆಚ್ಚಿನ ಪುಸ್ತಕಗಳನ್ನು ಒಬ್ಬೊಬ್ಬ ದೊಡ್ಡವರಿಗೆ ಅರ್ಪಿಸಿದಳು. ಅರ್ಪಣೆಯ ಹಿಂದೆ ಮನೆ ಖರ್ಚಿನ ಲೆಕ್ಕವೂ ಇದ್ದಿರಬೇಕು ಅಂತ ನನಗನಿಸುತ್ತದೆ. ಎಂಟರಲ್ಲಿ ನಾಲ್ಕನೆಯದು ಕಳೆದೇ ಹೋಗಿದೆ.

1677ರಲ್ಲಿ ವೆನಿಸ್ ಹತ್ತಿರದ ಪಾದುವಾ ಊರಲ್ಲಿ ತೀರಿಕೊಂಡಳು. ಆ ಹಾಡನ್ನು ಒಮ್ಮೆ ಕೇಳಿ, ಮೊದಲ ಅರ್ಧ ನಿಮಿಷ ಸಾಕು.