ಅಗೆದವರು ಹೋದ ಮೇಲೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಅಡ್ಡರಸ್ತೆಯಲ್ಲಿ ಕಳೆದ ಬೇಸಿಗೆಯ ಕೊನೆಗೆ ಕೇಬಲ್ ಹಾಕಲು ಎರಡಡಿ ಅಗಲದ ಕಾಲುವೆ ತೋಡಿ, ಅದನ್ನು ಒಂದೇ ದಿನದಲ್ಲಿ ಮುಚ್ಚಿದರು. ಅಗೆದು ರಾಶಿ ಹಾಕಿದ್ದ ಮಣ್ಣು, ಡಾಂಬರಿನ ಹೆಂಟೆ, ಒಡೆದ ಟೈಲ್ಸ್ ಚೂರು ಎಲ್ಲವನ್ನೂ ಜೆಸಿಬಿ ಒಟ್ಟಿಗೆ ಒಳಗೆ ತಳ್ಳಿ, ಮೇಲೆ ಒಮ್ಮೆ ಚಕ್ರ ಹಾಯಿಸಿತು. ಮುಂಗಾರಿನ ಎರಡನೆಯ ಮಳೆಗೆ ಅದು ಒಂದು ಗೇಣು ಕುಸಿಯಿತು. ಪಾದಚಾರಿ ಮಾರ್ಗದ ಟೈಲ್ಸ್‌ಗಳನ್ನು ಮರಳಿನ ಹಾಸಿಲ್ಲದೆ ಬರಿ ಮಣ್ಣಿನ ಮೇಲೆ ಜೋಡಿಸಿರುವುದರಿಂದ, ಒಂದು ತುದಿಗೆ ಕಾಲಿಟ್ಟರೆ ಇನ್ನೊಂದು ತುದಿಯಿಂದ ಕೆಸರು ಚಿಮ್ಮುತ್ತದೆ. ಎದುರು ಮನೆಯ ಹಿರಿಯರು ಈಗ ಊರುಗೋಲು ಹಿಡಿದು ರಸ್ತೆಯ ಮೇಲೆಯೇ ನಡೆಯುತ್ತಾರೆ. ವಾಹನವಾದರೆ ಕಣ್ಣಿಗೆ ಕಾಣುತ್ತದೆ, ಅಲುಗುವ ಟೈಲ್ಸ್ ಕಾಣುವುದಿಲ್ಲ ಎಂಬುದು ಅವರ ಲೆಕ್ಕ.

ಅಗೆದ ಜಾಗವನ್ನು ಅರ್ಧ ಅಡಿಯಷ್ಟು ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ನೀರು ಹಾಯಿಸಿ ದಿಮ್ಮಸು ಹಾಕಿದರೆ ಅದು ಇಷ್ಟು ಬೇಗ ಕುಸಿಯುವುದಿಲ್ಲ. ಇದು ರಸ್ತೆ ಕೆಲಸದ ಯಾವ ಮೇಸ್ತ್ರಿಗೂ ಹೊಸದಲ್ಲ.

ಆದರೆ ಹೊಣೆ ಯಾರದು? ಕೆಲಸ ನಡೆಯುವಾಗಲೇ ಮೇಲ್ವಿಚಾರಕರನ್ನು ಕೇಳಿದ್ದೆ. "ರಸ್ತೆ ಅಗೆತದ ಶುಲ್ಕ ಕಟ್ಟಿದ್ದೀವಿ ಸಾರ್, ಡಾಂಬರು ಅವರು ಹಾಕ್ತಾರೆ" ಎಂದರು. ಶುಲ್ಕ ಪಡೆದ ಕಚೇರಿಯಲ್ಲಿ, ಒಂದೊಂದು ಗುಂಡಿಗೂ ಟೆಂಡರ್ ಕರೆಯಲಾಗದು, ಮುಂದೆ ಇಡೀ ಬಡಾವಣೆಗೆ ಡಾಂಬರು ಹಾಕುವಾಗ ನೋಡೋಣ ಎಂದರು. ದುಡ್ಡು ಕಟ್ಟಿದವರಿಗೆ ಋಣ ತೀರಿತು, ಕಟ್ಟಿಸಿಕೊಂಡವರಿಗೆ ಅವಸರವಿಲ್ಲ. (ಜಂಬೂಸವಾರಿ ನಮ್ಮ ಅಡ್ಡರಸ್ತೆಯಲ್ಲಿ ಹಾಯುವುದಾಗಿದ್ದರೆ ದಸರೆಯ ಹೊತ್ತಿಗಾದರೂ ತೇಪೆ ಬೀಳುತ್ತಿತ್ತೇನೋ.)

ದೂರಸಂಪರ್ಕ ಕೇಬಲ್‌ಗಳ ಮಟ್ಟಿಗೆ ಕೇಂದ್ರ ಸರ್ಕಾರದ 2016ರ ನಿಯಮಗಳು ಎರಡು ದಾರಿ ತೋರಿಸಿದ್ದವು: ಅಗೆಯುವ ಸಂಸ್ಥೆ ದುರಸ್ತಿಯ ವೆಚ್ಚವನ್ನು ಕಟ್ಟಬೇಕು, ಇಲ್ಲವೇ ತಾನೇ ದುರಸ್ತಿ ಮಾಡುವುದಾಗಿ ಒಪ್ಪಿ ಬ್ಯಾಂಕ್ ಖಾತರಿ (ಸಂಸ್ಥೆ ಮಾತಿಗೆ ತಪ್ಪಿದರೆ ಬ್ಯಾಂಕೇ ಹಣ ತೆರುವ ಭರವಸೆ) ಕೊಡಬೇಕು. ಅವುಗಳ ಜಾಗಕ್ಕೆ ಬಂದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ನನಗೆ ಸರಿ ಕಾಣುವುದು ಎರಡನೆಯ ದಾರಿಯೇ. ಅಗೆದವರೇ ಮುಚ್ಚಲಿ, ಒಂದು ಮಳೆಗಾಲ ಕಳೆದು ರಸ್ತೆ ಕುಸಿದಿಲ್ಲವೆಂದು ಎಂಜಿನಿಯರ್ ಬಂದು ನೋಡಿ ಬರೆದುಕೊಡುವವರೆಗೆ ಖಾತರಿ ಬಿಡುಗಡೆಯಾಗದಿರಲಿ. ಕುಡಿಯುವ ನೀರು, ಒಳಚರಂಡಿ, ವಿದ್ಯುತ್, ಗ್ಯಾಸ್ ಎಂದು ಒಬ್ಬರ ಹಿಂದೊಬ್ಬರು ಅದೇ ಜಾಗವನ್ನು ಅಗೆಯುವಾಗ ಕುಸಿದದ್ದು ಯಾರ ಗುಂಡಿ ಎಂಬ ತಕರಾರು ಬಂದೇ ಬರುತ್ತದೆ, ನಿಜ. ಅಗೆದವರ ಹೆಸರು, ಮುಚ್ಚಿದ ದಿನಾಂಕ ಮತ್ತು ಮುಚ್ಚುವ ಮೊದಲು ತೆಗೆದ ಫೋಟೋ ಕಡತದಲ್ಲಿದ್ದರೆ ಆ ತಕರಾರು ಬಹುಮಟ್ಟಿಗೆ ಬಗೆಹರಿಯುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ತಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಇರುವುದು ಅಗೆಯುವಾಗ ನೆಲದೊಳಗಿನ ಬೇರೆಯವರ ಕೊಳವೆ, ಕೇಬಲ್‌ಗಳಿಗೆ ಪೆಟ್ಟಾಗದಿರಲೆಂದು; ಮುಚ್ಚುವ ಮಾತು ಅಲ್ಲಿ ಬರುವುದಿಲ್ಲ.

ಕಳೆದ ವಾರ ನಮ್ಮ ರಸ್ತೆಯ ಇನ್ನೊಂದು ಬದಿಗೆ ಯಾರೋ ಸುಣ್ಣದ ಗೆರೆ ಎಳೆದು ಹೋಗಿದ್ದಾರೆ. ಅನುಮತಿ ಪತ್ರದ ಪ್ರತಿಯನ್ನೂ ಖಾತರಿಯ ವಿವರವನ್ನೂ ಕೇಳಿ, 10 ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕಿನ ಅರ್ಜಿಯನ್ನು ಈ ಸಲ ಅಗೆಯುವ ಮೊದಲೇ ಕೊಟ್ಟು ಬಂದಿದ್ದೇನೆ.