ಆರು ಪುಸ್ತಕ, ಒಂದು ಜಕರಾಂಡ ಬೀಜ

ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಜೂನ್ ತಿಂಗಳ ರಾತ್ರಿ ಒಂಬತ್ತೂವರೆಗೂ ಕಿಟಕಿ ಪಕ್ಕ ಕೂತು ದೀಪ ಹಾಕದೆ ಓದಬಹುದು. 2024ರ ಬೇಸಿಗೆಯ ಆ ಬೆಳಕನ್ನೆಲ್ಲ ಆರು ಕಾದಂಬರಿಗಳಿಗೆ ಕೊಟ್ಟೆ. ವಿಜ್ಞಾನ ಕಾದಂಬರಿಗೆ ಬ್ರಿಟನ್ನಿನಲ್ಲಿ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಆ ವರ್ಷದ ಅಂತಿಮ ಪಟ್ಟಿ ಅದು. ನಮ್ಮದು ನಾಲ್ಕು ಜನರ ಓದಿನ ಗುಂಪು. ನಿಯಮ ಎರಡೇ: ಪಟ್ಟಿಯ ಯಾವ ಪುಸ್ತಕವನ್ನೂ ಅರ್ಧಕ್ಕೆ ಬಿಡುವಂತಿಲ್ಲ, ಪ್ರತಿಯೊಂದಕ್ಕೂ ಒಂದು ಪುಟದ ವಿಮರ್ಶೆ ಬರೆದು ಎಲ್ಲರೆದುರು ಓದಬೇಕು.

ವಿಜ್ಞಾನ ಕಾದಂಬರಿಗೆ ಪ್ರಶಸ್ತಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1953ರಲ್ಲಿ ಶುರುವಾದ ಹ್ಯೂಗೊ. ಅದರಲ್ಲಿ ವರ್ಲ್ಡ್‌ಕಾನ್ ಎಂಬ ವಿಜ್ಞಾನ ಕಾದಂಬರಿ ಸಮ್ಮೇಳನದ ಸದಸ್ಯರೇ ಮತ ಹಾಕುತ್ತಾರೆ. ಕ್ಲಾರ್ಕ್ ಪ್ರಶಸ್ತಿಯನ್ನು ತೀರ್ಮಾನಿಸುವುದು ತೀರ್ಪುಗಾರರು. 1987ರಲ್ಲಿ ಮೊದಲ ಸಲ ಅದು ಮಾರ್ಗರೆಟ್ ಆಟ್‌ವುಡ್ ಅವರ 'ದ ಹ್ಯಾಂಡ್‌ಮೇಡ್ಸ್ ಟೇಲ್'ಗೆ ಸಂದಿತು. ಬಹುಮಾನದ ಹಣ ಇಸವಿಯ ಅಂಕಿಯಷ್ಟೇ ಪೌಂಡು, 2024ಕ್ಕೆ 2024 ಪೌಂಡು. ಈ ಲೆಕ್ಕ ನನಗೆ ಬಹಳ ಇಷ್ಟ. ಹಿಂದಿನ ವರ್ಷ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಅಚ್ಚಾದ ಕಾದಂಬರಿಯಾದರೆ ಸಾಕು, ಬರೆದವರು ಯಾವ ದೇಶದವರೂ ಆಗಬಹುದು.

ಪಟ್ಟಿಯನ್ನು ಪೂರ್ತಿ ಓದುವುದರಲ್ಲಿ ಒಂದು ಲಾಭವಿದೆ. ನಾನಾಗಿ ಎಂದೂ ಕೈಗೆತ್ತಿಕೊಳ್ಳದ ಪುಸ್ತಕಗಳು ಮನೆಗೆ ಬರುತ್ತವೆ. ನಾನಾ ಕ್ವಾಮೆ ಅಜೈ-ಬ್ರೆನ್ಯಾ ಅವರ 'ಚೈನ್-ಗ್ಯಾಂಗ್ ಆಲ್-ಸ್ಟಾರ್ಸ್'ನಲ್ಲಿ ಅಮೆರಿಕದ ಕೈದಿಗಳು ಟೀವಿ ವೀಕ್ಷಕರಿಗಾಗಿ ಸಾಯುವವರೆಗೆ ಕಾದಾಡುತ್ತಾರೆ. ಪುಟದಡಿಯ ಟಿಪ್ಪಣಿಗಳಲ್ಲಿ ಅಲ್ಲಿನ ಸೆರೆಮನೆಗಳ ನಿಜ ಸಂಗತಿಗಳು ಬರುತ್ತವೆ. ಕಥೆ ಎಂದು ಸಮಾಧಾನ ಮಾಡಿಕೊಳ್ಳಲು ಹೊರಟಾಗಲೆಲ್ಲ ಒಂದು ಟಿಪ್ಪಣಿ ಎದುರಾಗುತ್ತದೆ. ರೇ ನೇಯ್ಲರ್ ಅವರ 'ದ ಮೌಂಟನ್ ಇನ್ ದ ಸೀ'ಯಲ್ಲಿ ವಿಯೆಟ್ನಾಮಿನ ದ್ವೀಪವೊಂದರ ಬಳಿ ತಮ್ಮದೇ ಸಂಕೇತಗಳಲ್ಲಿ ಮಾತಾಡುವ ಆಕ್ಟೋಪಸ್‌ಗಳಿವೆ. ನಾನು ಆಕ್ಟೋಪಸ್‌ಗಳಲ್ಲಿ ಮುಳುಗಿದ್ದೆ. ಕ್ಲೈಡ್ ನದಿಯ ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಗುಂಪಿನ ಹಿರಿಯರೊಬ್ಬರು ಮಾತ್ರ ಅದೇ ಪುಸ್ತಕದಲ್ಲಿ ಬರುವ, ಯಂತ್ರವೇ ನಡೆಸುವ ಮೀನುಗಾರಿಕೆ ಹಡಗು ಮತ್ತು ಅದರಲ್ಲಿ ಜೀತಕ್ಕೆ ಬಿದ್ದವರ ಬಗ್ಗೆಯೇ ತಮ್ಮ ಪುಟವಿಡೀ ಬರೆದು ತಂದರು. ಅವರ ವಿಮರ್ಶೆ ನನ್ನದಕ್ಕಿಂತ ಚೆನ್ನಾಗಿತ್ತು. ಹಡಗಿನ ಹೊಟ್ಟೆಯೊಳಗೆ ಕೆಲಸ ಮಾಡಿದವರ ಕಣ್ಣಿಗೆ ಬಿದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆರರಲ್ಲಿ ಒಂದು ನಮ್ಮೂರಿನದು. ಲಾವಣ್ಯ ಲಕ್ಷ್ಮೀನಾರಾಯಣ್ ಅವರ 'ದ ಟೆನ್ ಪರ್ಸೆಂಟ್ ಥೀಫ್'. ಭಾರತದಲ್ಲಿ 2020ರಲ್ಲೇ 'ಅನಲಾಗ್/ವರ್ಚುವಲ್' ಎಂಬ ಹೆಸರಲ್ಲಿ ಬಂದಿತ್ತು, ಬ್ರಿಟನ್ನಿಗೆ ಬಂದದ್ದು 2023ರಲ್ಲಿ. ಊರು ಏಪೆಕ್ಸ್ ಸಿಟಿ, ಅಂದರೆ ಹಿಂದೊಮ್ಮೆ ಬೆಂಗಳೂರಾಗಿದ್ದದ್ದು. ಅಲ್ಲಿ ಎಲ್ಲರ ಬದುಕನ್ನೂ ತೀರ್ಮಾನಿಸುವುದು ಬೆಲ್ ಕರ್ವ್, ಅಂದರೆ ಜನರನ್ನು ಮೇಲೆ, ನಡುವೆ, ಕೆಳಗೆ ಎಂದು ಹಂಚುವ ಗಂಟೆಯಾಕಾರದ ಗೆರೆ. ಮೇಲಿನ ಇಪ್ಪತ್ತು ಶೇಕಡಾಕ್ಕೆ ಸಕಲ ಸುಖ. ಕೆಳಗಿನ ಹತ್ತಕ್ಕೆ ಜಾರಿದರೆ ಗಡೀಪಾರಿನ ಭಯ. ಗಡಿಯಾಚೆ ಇರುವ, ಅನಲಾಗ್ ಎಂದು ಕರೆಸಿಕೊಳ್ಳುವ ಜನಕ್ಕೆ ಕರೆಂಟಿಲ್ಲ, ನಲ್ಲಿ ನೀರಿಲ್ಲ. ಮೇಲಿನವರ ನಗರದಿಂದ ಒಂದು ಜಕರಾಂಡ ಬೀಜ ಕದ್ದು ತಂದು ಆ ಬರಡು ನೆಲದಲ್ಲಿ ನೆಡುವಲ್ಲಿಂದ ಕಥೆಗೆ ಕಿಡಿ ಹತ್ತುತ್ತದೆ.

ಗುಂಪಿನ ಉಳಿದ ಮೂವರಿಗೂ ಬೆಲ್ ಕರ್ವ್ ಲೇಖಕಿಯ ಜಾಣ ಕಲ್ಪನೆ ಅನಿಸಿತ್ತು. ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ವರ್ಷ ಅದೇ ಬೆಲ್ ಕರ್ವ್ ಕೆಳಗೆ ಕೆಲಸ ಮಾಡಿದ್ದೇನೆ. ತಂಡದಲ್ಲಿ ಎಲ್ಲರೂ ಚೆನ್ನಾಗಿ ದುಡಿದಿದ್ದರೂ ಯಾರಾದರೊಬ್ಬರನ್ನು ಕೊನೆಯ ಡಬ್ಬಕ್ಕೆ ಹಾಕಲೇಬೇಕಿತ್ತು. ಮಾರ್ಚ್‌ನಲ್ಲಿ ಅಪ್ರೈಸಲ್. ಆಫೀಸಿನ ರಸ್ತೆಯಲ್ಲಿ ಜಕರಾಂಡ ನೇರಳೆ ಚೆಲ್ಲಿರುತ್ತಿದ್ದದ್ದೂ ಅದೇ ಹೊತ್ತಿಗೆ. ಒಂದು ವರ್ಷ ನನ್ನ ಪಕ್ಕದ ಸೀಟಿನವಳನ್ನು ಆ ಡಬ್ಬಕ್ಕೆ ಹಾಕಿದರು. ಎರಡು ತಿಂಗಳಲ್ಲಿ ಸೀಟು ಖಾಲಿಯಾಯಿತು, ನಾವ್ಯಾರೂ ಅದರ ಬಗ್ಗೆ ಜೋರಾಗಿ ಮಾತಾಡಲಿಲ್ಲ. ಆ ಹೂವನ್ನೂ ಆ ಗೆರೆಯನ್ನೂ ಒಂದೇ ಪುಸ್ತಕದಲ್ಲಿ ನೋಡಿ ನನಗೆ ಗಂಟಲು ಕಟ್ಟಿತು.

ಇದನ್ನೆಲ್ಲ ಬರೆದುಕೊಂಡು ಹೋದೆ. ಹಿರಿಯರು ಕೇಳಿಸಿಕೊಂಡು ಹೇಳಿದರು: "ನಿಮ್ಮ ಊರು ಗೊತ್ತಾಯಿತು. ಪುಸ್ತಕ ಹೇಗಿದೆ, ಅದನ್ನು ಹೇಳಲೇ ಇಲ್ಲ."

ಅವರ ಮಾತು ನಿಜ. ಆ ಭಾನುವಾರ ಮತ್ತೆ ಮೊದಲಿಂದ ಓದಿದೆ. ಬಿಡಿ ಕಥೆಗಳನ್ನು ಪೋಣಿಸಿದ ಕಾದಂಬರಿ ಇದು, ಅಧ್ಯಾಯಕ್ಕೊಬ್ಬರು ಹೊಸಬರು. ಊರಿನ ಉದ್ದಗಲ ಕಾಣಿಸಲು ಈ ರಚನೆ ಒಳ್ಳೆಯದು, ಆದರೆ ಒಬ್ಬರ ಭಯ ನನ್ನದಾಗುವಷ್ಟರಲ್ಲಿ ಅವರು ಹೊರಟುಹೋಗಿರುತ್ತಾರೆ. ಕೆಲವರು ಯಾವುದೋ ಒಂದು ಯಂತ್ರವನ್ನು ತೋರಿಸಲೆಂದೇ ಬಂದವರಂತಿದ್ದಾರೆ. ಮೊದಲ ಓದಿನಲ್ಲಿ ಆ ತೆರವುಗಳನ್ನು ನಾನೇ ನನ್ನ ನೆನಪಿನಿಂದ ತುಂಬಿಕೊಂಡುಬಿಟ್ಟಿದ್ದೆ. ಹಾಗಿದ್ದೂ ನಡುವಿನ ಎಪ್ಪತ್ತು ಶೇಕಡಾದವರ ಚಡಪಡಿಕೆಯನ್ನು, ಮೇಲೇರುವ ಆಸೆ ಮತ್ತು ಜಾರುವ ಹೆದರಿಕೆ ಒಂದೇ ಉಸಿರಲ್ಲಿ ಇರುವುದನ್ನು ಇಷ್ಟು ಸರಿಯಾಗಿ ಹಿಡಿದ ಬೇರೆ ಪುಸ್ತಕ ನಾನು ಓದಿಲ್ಲ. ಎರಡನೆಯ ಪುಟದಲ್ಲಿ ಎರಡನ್ನೂ ಬರೆದೆ. ತವರಿನ ಪುಸ್ತಕ ಎಂದು ರಿಯಾಯಿತಿ ಕೊಟ್ಟರೆ ಅದು ಪುಸ್ತಕಕ್ಕೇ ಅವಮಾನ.

ನನ್ನ ಪಟ್ಟಿಯಲ್ಲಿ ಅದು ಎರಡನೆಯದಾಯಿತು. ಮೊದಲನೆಯದು ಮಾರ್ಟಿನ್ ಮ್ಯಾಕಿನ್ನೆಸ್ ಅವರ 'ಇನ್ ಅಸೆನ್ಶನ್'. ಸ್ಕಾಟ್ಲೆಂಡಿನವರೇ. ಕಡಲಾಳದ ಪಾಚಿಯಿಂದ ಹೊರಟು ಬಾಹ್ಯಾಕಾಶಕ್ಕೆ ಹೋಗುವ ಆ ಕಥೆ ಬಹಳ ನಿಧಾನ, ಆದರೆ ಅದನ್ನು ಮುಗಿಸಿದ ಮೇಲೆ ಒಂದು ವಾರ ಬೇರೆ ಪುಸ್ತಕ ಹಿಡಿಯಲಾಗಲಿಲ್ಲ. ಜುಲೈನಲ್ಲಿ ತೀರ್ಪುಗಾರರು ಆರಿಸಿದ್ದೂ ಅದನ್ನೇ. ಆಗಸ್ಟ್‌ನಲ್ಲಿ ನಮ್ಮ ಗ್ಲಾಸ್ಗೊದಲ್ಲೇ ಹ್ಯೂಗೊ ಸಮಾರಂಭ ನಡೆದು, ಇದೇ ಪಟ್ಟಿಯಲ್ಲಿದ್ದ ಎಮಿಲಿ ಟೆಶ್ ಅವರ 'ಸಮ್ ಡೆಸ್ಪರೇಟ್ ಗ್ಲೋರಿ' ಅತ್ಯುತ್ತಮ ಕಾದಂಬರಿಯಾಯಿತು.

ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಭಾನುವಾರದ ಫೋನಿನಲ್ಲಿ ನಾನು ಓದಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. ಅವಳಿರುವುದು ವೈಟ್‌ಫೀಲ್ಡ್ ಕಡೆ. ಆ ವರ್ಷ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಅವರ ಅಪಾರ್ಟ್‌ಮೆಂಟಿನವರೂ ಟ್ಯಾಂಕರ್ ದಾರಿ ಕಾದಿದ್ದರು. ಕದ್ದ ಬೀಜ, ಕರೆಂಟು ನೀರಿಲ್ಲದ ಜನ, ಬರಡು ನೆಲ, ಎಲ್ಲ ಹೇಳಿ ಮುಗಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು.

"ಅಲ್ಲ ಕಣೇ, ಬೀಜ ನೆಟ್ಟಿದ್ದಾಯ್ತು. ಅದಕ್ಕೆ ದಿನಾ ನೀರು ಹೊಯ್ಯೋರು ಯಾರು? ಕುಡಿಯೋಕೇ ಇಲ್ದೆ ಇರೋರು ತಾನೆ ತಮ್ಮ ಪಾಲಿಂದ ತೆಗೆದು ಹೊಯ್ಬೇಕು?"

ಮೂರನೆಯ ಸಲ ಪುಸ್ತಕ ತೆರೆದೆ.